ತಳಕ್ಕೆ ಅಕ್ರಿಲಿಕ್

ಪ್ಲೈವುಡ್ ಸಾಕು ಎಂದು ಹುಡುಗಿ ಹೇಳಿದ್ದಳು. ಅಷ್ಟು ಖಾತ್ರಿ. ಉಳಿದದ್ದನ್ನು ನಾನು ಹೇಳಿ ಹೇಳಿ ಕೆಡಿಸಿಟ್ಟಿದ್ದೇನೆ.

ನ್ಯಾಮತಿಯ ಪ್ರೌಢಶಾಲೆಯೊಂದರಲ್ಲಿ ನಾನು ವಿಜ್ಞಾನ ಕಲಿಸುತ್ತಿದ್ದೆ. ಒಂಬತ್ತನೇ ತರಗತಿಯ ಆ ಹುಡುಗಿ, ಕಪ್ಪು ಗೆರೆ ಹಿಡಿದು ತಾನಾಗಿ ಓಡುವ ರೋಬೋಟ್ ಮಾಡಿದ್ದಳು. ಜಗಳೂರಿನಲ್ಲಿ ಸ್ಪರ್ಧೆ. ಹತ್ತನೇ ತರಗತಿಗೆ ಬಂದರೆ ಮನೆಯಲ್ಲಿ ಇಂಥದ್ದಕ್ಕೆಲ್ಲ ಬಿಡುವುದಿಲ್ಲ, ಅವಳಿಗೆ ಇದೊಂದೇ ವರ್ಷ. ಮೋಟರು, ಬ್ಯಾಟರಿ ಹೊರುವ ತಳದ ಹಲಗೆ ಮಾತ್ರ ಬಾಕಿ ಇತ್ತು. ಪ್ಲೈವುಡ್ ಮಂಕು, ಅಲ್ಯೂಮಿನಿಯಂ ತಗಡಿಗೆ ತಂತಿ ತಾಗಿದರೆ ಶಾರ್ಟ್ ಆಗುತ್ತದೆ ಎಂದೆಲ್ಲ ವಾದಿಸಿ, ಹೊನ್ನಾಳಿಯ ನಂಬರ್ ಪ್ಲೇಟ್ ಅಂಗಡಿಯಿಂದ ಗಾಜಿನಂಥ ಅಕ್ರಿಲಿಕ್ ಪ್ಲಾಸ್ಟಿಕ್ ತುಂಡು ತಂದೆ. ತೀರ್ಪುಗಾರರಿಗೆ ಒಳಗಿನ ಕೆಲಸವೆಲ್ಲ ಕಾಣಲಿ ಎಂದು. ಮೋಟರು ಬಿಗಿಯುವ ತೂತನ್ನು ಹಲಗೆಯ ಅಂಚಿಗೆ ತೀರಾ ಹತ್ತಿರ ಕೊರೆದವಳೂ ಬಹುಶಃ ನಾನೇ.

ಹೊರಡುವ ಬೆಳಿಗ್ಗೆ ಅವಳ ಮನೆಗೆ ಹೋದೆ. ಅವಳಪ್ಪ ಮಿನಿ ಲಾರಿ ಓಡಿಸುವವರು. ಅಂಗಳದಲ್ಲಿ ರೋಬೋಟಿಗೆ ಕುಂಕುಮ ಹಚ್ಚಿ, ಚಕ್ರಗಳ ಮುಂದೆ ಎರಡು ನಿಂಬೆಹಣ್ಣು ಇಟ್ಟಿದ್ದರು.

“ಹೊಸ ಗಾಡಿ ಅಲ್ಲೇನ್ರಿ ಮೇಡಂ? ಹಣ್ಣು ಹತ್ತಿಸ್ದೆ ರೋಡಿಗೆ ಬಿಡಾಕೆ ಆಗ್ತೈತಾ?”

ಹುಡುಗಿ ಸ್ವಿಚ್ ಒತ್ತಿದಳು. ಚಕ್ರ ತಿರುಗಿತು, ಹಣ್ಣಿಗೆ ಏನೂ ಆಗಲಿಲ್ಲ.

“ನಿನ್ ಗಾಡಿಗಿಂತ ನಿಂಬೆಹಣ್ಣೇ ಗಟ್ಟಿ ಐತಲ್ಲವ್ವ!”

“ಅದೇನು ನಿನ್ ಲಾರಿನೇನಪ್ಪ? ಬಿಡು. ಮೇಡಂ, ನೀವಾದ್ರೂ ಹೇಳ್ರಿ.”

ಹೇಳಬಹುದಿತ್ತು. ಆದರೆ ಆ ಮನುಷ್ಯ ಮಗಳನ್ನು ಕಳಿಸಿಕೊಡಲೆಂದು ಅವತ್ತಿನ ಬಾಡಿಗೆಗೆ ಹೋಗದೆ, ಇಸ್ತ್ರಿ ಅಂಗಿ ಹಾಕಿಕೊಂಡು ನಿಂತಿದ್ದರು.

“ಒಂಚೂರು ಭಾರ ಬಿಟ್ರೆ ಆತು,” ಎಂದು ಚಕ್ರವನ್ನು ಹಣ್ಣಿನ ಮೇಲೆ ಕೂರಿಸಿ ಅಂಗೈಯಿಂದ ಒತ್ತಿದರು. ಹಣ್ಣು ಅಪ್ಪಚ್ಚಿಯಾಯಿತು. ಇದನ್ನು ಹೇಳುವಾಗಲೆಲ್ಲ ನಾನು ‘ಟಕ್’ ಎಂಬ ಸದ್ದೊಂದನ್ನು ಸೇರಿಸುತ್ತೇನೆ. ಸದ್ದೇನೂ ಆಗಿರಲಿಲ್ಲ. ಬಸ್ಸು ಹತ್ತಿದ ಮೇಲೆ, ತೂತಿನ ಬಳಿ ಕೂದಲೆಳೆಯಂಥ ಬಿರುಕು ಕಂಡಿತು.

ಹೊನ್ನಾಳಿ ದಾಟುವಷ್ಟರಲ್ಲಿ ಅದು ಒಂದು ಬೆರಳುದ್ದವಾಯಿತು. ದಾವಣಗೆರೆಯಲ್ಲಿ ಬಸ್ಸು ಬದಲಿಸುವಾಗ ಟೇಪು ಸುತ್ತಿದೆವು. ಟೇಪೂ ಪಾರದರ್ಶಕ. ರಸ್ತೆಯ ಪ್ರತಿ ಉಬ್ಬಿಗೂ ಬಿರುಕು ಬೆಳೆಯುವುದನ್ನು ಇಬ್ಬರೂ ಕೂತು ನೋಡಿದೆವು. ತೊಡೆಯ ಮೇಲೆ ಇಟ್ಟುಕೊಂಡರೂ ಬೆಳೆಯಿತು, ಕೈಯಲ್ಲಿ ಎತ್ತಿ ಹಿಡಿದರೂ ಬೆಳೆಯಿತು.

“ನಿಲ್ತೈತಾ ಮೇಡಂ?”

“ಹೂಂ,” ಎಂದೆ.

ಸ್ಪರ್ಧೆಯಲ್ಲಿ, ಕಪ್ಪು ಗೆರೆಯ ಮೂರನೇ ತಿರುವಿನಲ್ಲಿ ಎಡಗಡೆಯ ಮೋಟರು ಹಲಗೆಯ ಚೂರಿನ ಸಮೇತ ಕಳಚಿಬಿತ್ತು. ರೋಬೋಟ್ ನಿಂತಲ್ಲೇ ಗಿರಗಿರ ಸುತ್ತತೊಡಗಿತು. ತೀರ್ಪುಗಾರರೊಬ್ಬರು ಅದನ್ನೆತ್ತಿ, ತಿರುವಿ ನೋಡಿ ಅವಳನ್ನು ಕೇಳಿದರು: “ಇದಕ್ಕೆ ಅಕ್ರಿಲಿಕ್ ಹಾಕು ಅಂದೋರು ಯಾರಮ್ಮ?”

ನಾನು ಎದ್ದು ನಿಂತು ‘ನಾನೇ’ ಎಂದೆ. ಸ್ಟಾಫ್ ರೂಮಿನಲ್ಲಿ ಹಾಗೆಂದೇ ಹೇಳಿದ್ದೇನೆ, ಒಂದೆರಡು ಕಡೆ ಬರೆದೂ ಇದ್ದೇನೆ. ಎದ್ದು ನಿಂತದ್ದು ನಿಜ. ಬಾಯಿ ತೆರೆದದ್ದು ನೆನಪಿಲ್ಲ. ನನ್ನ ಕಡೆ ತಿರುಗದೆ ಅವಳು ಹೇಳಿದ್ದು ನೆನಪಿದೆ.

“ಚೆಂದ ಕಾಣ್ತೈತೆ ಅಂತ ನಾನೇ ಹಾಕ್ದೆ ಸರ್.”