ಒಂಬತ್ತನೇ ಚಾನೆಲ್ಲಿನ ಟ್ಯಾಗ್

ಯಂತ್ರಗಳು ನಾವು ಹೇಳಿದ್ದನ್ನು ಮಾತ್ರ ಮಾಡುತ್ತವೆ ಎಂಬುದು ನನ್ನ ವೃತ್ತಿಯ ನಂಬಿಕೆ. ದೆವ್ವ, ಪವಾಡ ಎಂದು ಯಾರಾದರೂ ಮಾತು ತೆಗೆದರೆ ನಾನು ಎದ್ದು ಹೋಗುತ್ತಿದ್ದೆ. ಈಗ ಕೂತು ಕೇಳುತ್ತೇನೆ. ನಂಬುತ್ತೇನೆಂದಲ್ಲ, ನನ್ನದೂ ಒಂದು ಹೇಳುವುದಿದೆ.

ಕೆಲವು ವರ್ಷಗಳ ಹಿಂದೆ ಹುದಿಕೇರಿ ಕಡೆಯ ಒಂದು ಕಾಫಿ ಎಸ್ಟೇಟಿನಲ್ಲಿ ರೇಡಿಯೋ ಉಪಕರಣ ಜೋಡಿಸುವ ಕೆಲಸ ಸಿಕ್ಕಿತ್ತು. ಅಲ್ಲಿ ಆನೆ ಕಾಟ. ಪಿಕ್ಕಿಂಗಿಗೆ, ಅಂದರೆ ಕಾಫಿ ಹಣ್ಣು ಬಿಡಿಸಲು, ಹೋದವರು ಗಿಡಗಳ ನಡುವೆ ಎಲ್ಲಿದ್ದಾರೆಂದು ತಿಳಿಯಲು ಪ್ರತಿಯೊಬ್ಬರ ಕೊರಳಿಗೂ ಬೆಂಕಿಪೊಟ್ಟಣದಷ್ಟು ದೊಡ್ಡ ಟ್ಯಾಗ್; ಅದು ಬಿಡುವ ರೇಡಿಯೋ ಸಂಕೇತ ಹಿಡಿಯಲು ನೆರಳಿನ ಸಿಲ್ವರ್ ಓಕ್ ಮರಗಳ ಮೇಲೆ ರಿಸೀವರುಗಳು. ಅಲ್ಟ್ರಾ ವೈಡ್‌ಬ್ಯಾಂಡ್ ಎನ್ನುತ್ತಾರೆ. ಇದರಲ್ಲಿ ಟ್ಯಾಗಿಗೂ ರಿಸೀವರಿಗೂ ಎರಡು ಸಂಗತಿ ಹೊಂದಬೇಕು. ಒಂದು ಚಾನೆಲ್, ಅಂದರೆ ಯಾವ ತರಂಗದಲ್ಲಿ ಮಾತು ಎಂಬುದು. ಇನ್ನೊಂದು ಪ್ರಿಯಾಂಬಲ್ ಕೋಡ್, ಮಾತಿಗೆ ಮೊದಲಿನ ಕೂಗು. ವಿರಾಜಪೇಟೆ ಬಸ್ ಸ್ಟ್ಯಾಂಡಿನಲ್ಲಿ ಐದಾರು ಭಾಷೆಯ ಗಲಾಟೆಯ ನಡುವೆಯೂ ನಮ್ಮ ಮನೆಯವರು ಕರೆದರೆ ಥಟ್ಟನೆ ತಿರುಗುತ್ತೇವಲ್ಲ, ಹಾಗೆ. ಕೋಡ್ ಬೇರೆಯಾದರೆ ರಿಸೀವರ್ ತಿರುಗಿಯೂ ನೋಡದು. ಚಾನೆಲ್ಲೇ ಬೇರೆಯಾದರಂತೂ ಅದರ ಪಾಲಿಗೆ ಆ ಟ್ಯಾಗ್ ಇಲ್ಲವೇ ಇಲ್ಲ. ತೋಟಕ್ಕೆ ಐದನೇ ಚಾನೆಲ್, ಕಾಫಿ ಒಣಗಿಸುವ ಕಣದ ಗಾಡಿಗಳಿಗೆ ಒಂಬತ್ತನೆಯದು, ಎರಡಕ್ಕೂ ಬೇರೆ ಬೇರೆ ಕೋಡ್. ನಾನೇ ಕೂರಿಸಿದ್ದೆ.

ಒಂದು ಮಧ್ಯಾಹ್ನ ಆನೆಗಳು ತೋಟಕ್ಕೆ ನುಗ್ಗಿದವು. ಪಿಕ್ಕಿಂಗಿನವರೆಲ್ಲ ಲೈನಿಗೆ, ತಮ್ಮ ಸಾಲುಮನೆಗಳ ಕಡೆಗೆ, ಓಡಿ ಬಂದರು. ಪಾರಕ್ಕ ಮಾತ್ರ ಬರಲಿಲ್ಲ. ಅಲ್ಲಿ ಬಹಳ ವರ್ಷದಿಂದ ದುಡಿಯುತ್ತಿದ್ದ ಹೆಂಗಸು, ಕಿವಿ ಮಂದ. ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಬೆಳ್ಯಪ್ಪ ಏದುಸಿರು ಬಿಡುತ್ತ ಆಫೀಸಿಗೆ ಬಂದರು.

"ಮೇಡಂ, ಪಾರಕ್ಕ ಒಳಗೇ ಉಳ್ಕೊಂಡ್ರು. ಕೂಗಿದ್ರೆ ಅವ್ರಿಗೆ ಕೇಳೋದಿಲ್ಲ, ಆನೆಗೆ ಕೇಳ್ತದೆ. ನಿಮ್ಮ ಮಿಷನ್ ಏನ್ ಹೇಳ್ತದೆ ನೋಡಿ."

ಕಂಪ್ಯೂಟರ್ ಪರದೆಯ ನಕ್ಷೆಯಲ್ಲಿ ತೋಟ ಖಾಲಿ. ತಿರುಗಿ ನೋಡಿದರೆ ಪಾರಕ್ಕನ ಟ್ಯಾಗ್ ಗೋಡೆಯ ಮೊಳೆಯಲ್ಲೇ ನೇತಾಡುತ್ತಿದೆ!  ಆಗಲೇ ತೋಟದಲ್ಲಿ ಹರಿಯುವ ಸಣ್ಣ ಕೊಲ್ಲಿಯ ಅಂಚಿನಲ್ಲಿ ಒಂದು ಹಸಿರು ಚುಕ್ಕೆ ಹೊತ್ತಿತು. ಹೆಸರಿಲ್ಲದ ಚುಕ್ಕೆ.

"ಅದ್ಯಾರು?"

"ಗೊತ್ತಾಗ್ತಿಲ್ಲ."

"ಜಾಗ ಗೊತ್ತಾಯ್ತಲ್ಲ, ನಡೀರಿ!" ಎಂದವರೇ ಜೀಪಿನತ್ತ ಓಡಿದರು. ನಾನೂ ಹಿಂದೆಯೇ ಓಡಿದೆ.

ಕೊಲ್ಲಿಯ ಪಕ್ಕದ ಹಳೆಯ ಚರಂಡಿಯಲ್ಲಿ ಪಾರಕ್ಕ ಬಿದ್ದಿದ್ದರು, ಕಾಲು ಉಳುಕಿತ್ತು. ಮೇಲ್ಗಡೆ ಎಲ್ಲೋ ಆನೆ ಬೈನೆ ಮರ ಸೀಳುವ ಸದ್ದು. ಉಸಿರು ಬಿಗಿಹಿಡಿದು ಇಬ್ಬರೂ ಅವರನ್ನು ಎತ್ತಿ ಜೀಪಿಗೆ ಹಾಕಿದೆವು. ಅವರ ಮುಷ್ಟಿಯಲ್ಲಿ ಒಂದು ಟ್ಯಾಗ್ ಇತ್ತು.

"ಕೂಗೋಕೆ ಹೆದ್ರಿಕೆ ಆಯ್ತವ್ವ, ಇದನ್ನೇ ಹಿಡ್ಕೊಂಡು ಕೂತೆ" ಎಂದರು.

ಲೈನಿನ ಮುಂದೆ ಜೀಪು ನಿಂತಾಗ ಎದ್ದ ಕೇಕೆ ಈಗಲೂ ಕಿವಿಯಲ್ಲಿದೆ. ಆನೆಗಳು ಕಾಡು ಸೇರಿದ ಸುದ್ದಿ ಬಂದ ಮೇಲೆ, ಅವುಗಳನ್ನು ಓಡಿಸಲೆಂದು ಇಟ್ಟಿದ್ದ ಪಟಾಕಿಯನ್ನೆಲ್ಲ ಖುಷಿಗೆ ಸುಟ್ಟರು. ಹೆಂಗಸರು ನನ್ನನ್ನು ತಬ್ಬಿಕೊಂಡರು. ಅಷ್ಟು ದೊಡ್ಡ ಗೆಲುವು ನನ್ನ ಬದುಕಿನಲ್ಲಿ ಇನ್ನೊಂದಿಲ್ಲ.

ಮರುದಿನ ಆ ಟ್ಯಾಗನ್ನು ಲ್ಯಾಪ್‌ಟಾಪಿಗೆ ಜೋಡಿಸಿ ನೋಡಿದೆ. ಅದು ಕಣದ ಗಾಡಿಯದು. ಪಾರಕ್ಕ ಅವಸರದಲ್ಲಿ ಪಕ್ಕದ ಮೊಳೆಯಿಂದ ತೆಗೆದುಕೊಂಡಿದ್ದರು. ಚಾನೆಲ್ ಒಂಬತ್ತು. ಕೋಡೂ ಬೇರೆ. ತೋಟದ ಯಾವ ರಿಸೀವರಿಗೂ ಅದು ಕೇಳಿಸುವಂತಿರಲಿಲ್ಲ. ಕಣದ ರಿಸೀವರುಗಳಿಗೋ ಕೊಲ್ಲಿ ಎಟುಕದಷ್ಟು ದೂರ. ರಿಸೀವರುಗಳನ್ನು ಒಂದೊಂದಾಗಿ ತೆರೆದು ನೋಡಿದೆ. ಎಲ್ಲವೂ ಐದರಲ್ಲೇ ಇದ್ದವು. ಟ್ಯಾಗನ್ನು ಅದೇ ಚರಂಡಿಗೆ ಒಯ್ದು ಇಟ್ಟೆ, ರಿಸೀವರಿಗೆ ತಾಗಿಸಿಯೂ ಹಿಡಿದೆ. ಪರದೆಯಲ್ಲಿ ಏನೂ ಮೂಡಲಿಲ್ಲ. ನನಗಿಂತ ಹಿರಿಯ ಎಂಜಿನಿಯರುಗಳನ್ನು ಕೇಳಿದೆ. ನೀನೇ ತಪ್ಪು ನೋಡಿರಬೇಕು ಎಂದರು. ಬೆಳ್ಯಪ್ಪನವರೂ ನೋಡಿರದಿದ್ದರೆ ನಾನೂ ಹಾಗೇ ಅಂದುಕೊಳ್ಳುತ್ತಿದ್ದೆನೇನೋ.

ಮುಂದಿನ ಪಿಕ್ಕಿಂಗಿಗೆ ಪಾರಕ್ಕ ಮತ್ತೆ ತೋಟಕ್ಕಿಳಿದರು. ಅವರ ಕಿವಿಯ ಬಳಿ ಬಾಗಿ, ಆ ಟ್ಯಾಗ್ ನಮಗೆ ಕೇಳಿಸಲು ಸಾಧ್ಯವೇ ಇರಲಿಲ್ಲ ಎಂದು ಗಟ್ಟಿಯಾಗಿ ವಿವರಿಸಿದೆ. ಅವರು ಕೊಂಬೆ ಬಾಗಿಸಿಕೊಂಡು ಹಣ್ಣು ಬಿಡಿಸುತ್ತಲೇ ಇದ್ದರು.

"ಕೇಳ್ಸಿತಲ್ಲವ್ವ" ಎಂದರು.

ಹೌದು, ಕೇಳಿಸಿತು. ಹೇಗೆ ಎಂಬುದು ನನಗೆ ಇವತ್ತಿಗೂ ಗೊತ್ತಿಲ್ಲ.