ಅಡುಗೆಮನೆ ಬಾಗಿಲಿಗೆ ಒಂದು ಲೆನ್ಸು

ನನ್ನ ಮೊಮ್ಮಗಳು ಫೋಟೋ ತೆಗೆಯುತ್ತಾಳೆ. ಇದನ್ನು ಎಷ್ಟು ಮಂದಿಗೆ ಹೇಳಿದರೂ ನನಗೆ ಸಾಲದು. ಕೂಡ್ಲಿಗಿ ಬಸ್ಸಿನಲ್ಲಿ ಪಕ್ಕಕ್ಕೆ ಕುಂತವರಿಗೆಲ್ಲ ಹೇಳಿದ್ದೇನೆ. ಅದು ಅವಳ ಕಸುಬಲ್ಲ. ವಾರವೆಲ್ಲ ಶಾಲೆಯಲ್ಲಿ ಪಾಠ ಹೇಳಿ, ಭಾನುವಾರ ಬಂದರೆ ಯಾರೋ ಬಳಸಿ ಬಿಟ್ಟ ಕ್ಯಾಮೆರಾ ಕೊರಳಿಗೆ ಹಾಕಿಕೊಂಡು ನಮ್ಮ ಕೋಳಿ, ನನ್ನ ಸುಕ್ಕು, ಎಲ್ಲವನ್ನೂ ತೆಗೆಯುತ್ತಾಳೆ. ನನ್ನ ಸುಕ್ಕು ಅಷ್ಟು ಚಂದ ಇದೆ ಅಂತ ನನಗೇ ಗೊತ್ತಿರಲಿಲ್ಲ.

ಅವಳ ಗೆಳತಿಯ ಮದುವೆ ಹರಪನಹಳ್ಳಿಯ ಕಲ್ಯಾಣ ಮಂಟಪದಲ್ಲಿ ಗೊತ್ತಾಯಿತು. ಚಿಕ್ಕಂದಿನಿಂದ ಒಂದೇ ತಟ್ಟೆಯಲ್ಲಿ ಉಂಡವರು. ಆ ಹುಡುಗಿ ನಮ್ಮ ಮನೆಗೇ ಬಂದು ಹೇಳಿದಳು.

"ಫೋಟೋ ನೀನ ತೆಗೀಬೇಕಲೇ. ಬ್ಯಾರೆ ಏನೂ ಕೇಳಂಗಿಲ್ಲ ನಾ. ತಾಳಿ ಕಟ್ಟೋ ಹೊತ್ತಿನ್ಯಾಗ ನಮ್ಮವ್ವನ ಮುಖ ನನಗ ಬೇಕು. ಅಕಿ ಅಡಿಗಿ ಮನಿ ಬಾಗಿಲದಾಗ ನಿಂತಿರ್ತಾಳ. ನಾ ತಿರುಗಿ ನೋಡಾಕ ಬರಂಗಿಲ್ಲ."

ಆ ಹುಡುಗಿಯ ಅಪ್ಪ ತೀರಿಕೊಂಡು ನಾಲ್ಕು ವರ್ಷವಾಗಿದೆ. ಅವ್ವ ಹಸೆಮಣೆಯ ಹತ್ತಿರ ಬರುವುದಿಲ್ಲ ಅಂತ ಮೊದಲೇ ಹೇಳಿಬಿಟ್ಟಿದ್ದಳು. ಯಾರೂ ಬರಬೇಡ ಅಂದಿರಲಿಲ್ಲ. ಬಾ ಅಂತಲೂ ಯಾರೂ ಅಂದಿರಲಿಲ್ಲ. ನನಗೆ ಗೊತ್ತು, ನನ್ನ ಮಗಳ ಮದುವೆಯಲ್ಲಿ ನಾನು ನಿಂತದ್ದೂ ಅಂಥದೇ ಬಾಗಿಲಲ್ಲಿ.

ನಮ್ಮ ಕ್ಯಾಮೆರಾದ ಲೆನ್ಸಿಗೆ ಬೂಸಲು ಹಿಡಿದಿತ್ತು. ಹಾಗಾಗಿ ಬಾಡಿಗೆಗೆ ತರಲು ಕೊಟ್ಟೂರಿನ ಸ್ಟುಡಿಯೋಕ್ಕೆ ಹೋದೆವು. ಸ್ಟುಡಿಯೋದ ಸಾಹೇಬರು ಎರಡು ಲೆನ್ಸು ತಂದು ಮೇಜಿನ ಮೇಲಿಟ್ಟರು. ಒಂದು ಗಿಡ್ಡ, ಎಲೆಅಡಿಕೆ ಸಂಚಿಯಷ್ಟು. ಇನ್ನೊಂದು ನನ್ನ ಮೊಣಕೈ ಉದ್ದ.

"ಒಂದ ಒಯ್ರಿ ಅವ್ವಾರ. ಉಳಿದಿದ್ದು ಹಡಗಲಿ ಮದುವಿಗೆ ಹೋಗ್ತೈತಿ. ಈ ಗಿಡ್ಡಂದು ಕತ್ತಲಾಗೂ ಚಲೋ ತೆಗೀತೈತಿ, ಆದ್ರ ಹತ್ರ ಹೋಗಬೇಕು. ಉದ್ದಂದು ದೂರದ್ದು ಎಳಕೊಂಡು ಬರ್ತೈತಿ. ಬೆಳಕು ಮಾತ್ರ ಬೇಕು ಅದಕ್ಕ. ಹತ್ರದ್ದು ಅದಕ್ಕ ಕಾಣಂಗಿಲ್ಲ."

ಮೊಮ್ಮಗಳು ಇದನ್ನು ಹಾಕಿ ನೋಡಿದಳು, ಅದನ್ನು ಹಾಕಿ ನೋಡಿದಳು. ಬೀದಿಗೆ ಹೋಗಿ ಬಂದಳು. ಕೊನೆಗೆ ನನ್ನ ಕಡೆ ತಿರುಗಿದಳು.

"ಅಜ್ಜಿ, ಯಾವ್ದು ಒಯ್ಯಾಣ ಹೇಳ."

ನನ್ನನ್ನು ಕೇಳಿದಳು! ಜೋಳದ ಕಾಳು ಕೈಯಲ್ಲಿ ಹಿಡಿದು ಹಳೇದೋ ಹೊಸದೋ ಹೇಳಬಲ್ಲೆ. ಈ ಗಾಜಿನ ಬಗ್ಗೆ ನಾನೇನು ಹೇಳಲಿ? ಆದರೂ ಕೇಳಿದಳಲ್ಲ ಅನ್ನೋ ಸಂತೋಷಕ್ಕೆ ಸುಮ್ಮನಿರಲಾಗಲಿಲ್ಲ.

"ಅಕಿ ಅವ್ವ ಹತ್ರ ಬರಾಕಿಲ್ಲವ್ವ. ದೂರದ್ದ ಒಯ್ಯಿ," ಅಂದೆ.

ಸಾಹೇಬರು ನಕ್ಕರು. "ಅಜ್ಜಿ ಲೆಕ್ಕ ಸೀದಾ ಐತಿ ನೋಡ್ರಿ."

ಮದುವೆಯ ದಿನ ಮಂಟಪಕ್ಕೆ ಕಾಲಿಟ್ಟ ಕೂಡಲೇ ಮೊಮ್ಮಗಳ ಮುಖ ಇಳಿಯಿತು. ಮದುಮಕ್ಕಳ ಮೇಲೆ ದೀಪವೋ ದೀಪ. ಅಡುಗೆಮನೆ ಬಾಗಿಲಲ್ಲಿ ಹೊಗೆ, ಕತ್ತಲು. ಅವಳು ಉದ್ದನೆಯ ಲೆನ್ಸು ಆ ಕಡೆ ಹಿಡಿದು ನಾಲ್ಕು ಸಲ ಒತ್ತಿದಳು. ನಾಲ್ಕರಲ್ಲೂ ಆ ತಾಯಿ ನೀರಲ್ಲಿ ಅಲುಗಾಡಿದ ಹಾಗೆ ಬಂದಿದ್ದಳು.

"ಅಜ್ಜಿ, ಎರಡ ಹೆಜ್ಜಿ ಮುಂದ ಬಂದ್ರ ಸಾಕು, ಬೆಳಕು ಬೀಳ್ತೈತಿ. ನೀ ಹೇಳಿ ನೋಡ."

ಹೋದೆ. ಆ ತಾಯಿ ನೆಟ್ಟಗೆ ನಿಂತಿದ್ದಳು, ಮುಷ್ಟಿಯಲ್ಲಿ ಅಕ್ಷತೆ. ಎರಡು ಹೆಜ್ಜೆ ಮುಂದೆ ಬಾ ಅನ್ನಬೇಕು, ಅಷ್ಟೇ ಮಾತು. ಯಾವ ಬಾಯಿಂದ ಹೇಳಲಿ? ನನಗೆ ಅಂದು ಯಾರಾದರೂ ಹೇಳಿದ್ದರೆ ನಾನು ಹೋಗುತ್ತಿದ್ದೆನೇ?

"ಬಿಸಿಲಾಗ ಬಂದ್ಯಾ ಅಕ್ಕ, ನೀರು ಕುಡಿ," ಅಂದಳು ಅವಳೇ. ಕುಡಿದೆ. ಕುಡಿದು ಅವಳ ಪಕ್ಕ ನಿಂತೆ.

ಬಜಂತ್ರಿಯವರು ಜೋರು ಮಾಡಿದರು. ನಮ್ಮ ಕಡೆ ಅಕ್ಷತೆಯ ಹೊತ್ತಿಗೆ ಯಾರೂ ಕುಂತಿರುವುದಿಲ್ಲ. ಇಡೀ ಮಂಟಪ ಒಂದೇ ಸಲ ಎದ್ದು ನಿಂತಿತು. ನಮ್ಮಿಬ್ಬರಿಗೆ ಮಂದಿಯ ಬೆನ್ನು ಬಿಟ್ಟರೆ ಏನೂ ಕಾಣಲಿಲ್ಲ. ಆಗ ಆ ತಾಯಿ ಉಳ್ಳಾಗಡ್ಡಿ ಚೀಲದ ಮೇಲೆ ಒಂದು ಕಾಲಿಟ್ಟಳು, ನನ್ನ ಹೆಗಲಿಗೆ ಕೈ ಕೊಟ್ಟಳು, ಹತ್ತಿಬಿಟ್ಟಳು. ಅವಳ ತೂಕವೆಲ್ಲ ನನ್ನ ಹೆಗಲ ಮೇಲೆ. ಮೇಲಿನ ಕಿಂಡಿಯ ಬಿಸಿಲು ಅವಳ ಮುಖಕ್ಕೆ ಬಿತ್ತು.

ಅಲ್ಲಿ ನನ್ನ ಮೊಮ್ಮಗಳು ಮದುಮಕ್ಕಳಿಗೆ ಬೆನ್ನು ಮಾಡಿ, ನಮ್ಮ ಕಡೆ ಕ್ಯಾಮೆರಾ ಹಿಡಿದಿದ್ದಳು.

"ಏ ಹುಡುಗಿ, ತಾಳಿ ಅಲ್ಲಿ ಕಟ್ಟಾಕತ್ಯಾರ! ಅಡಿಗಿ ಮನಿ ಏನ್ ತೆಗೀತಿ, ಸಾರಿನ ಫೋಟೋ ಏನು?" ಅಂತ ಯಾರೋ ಹಿರಿಯರು ಕೂಗಿದರು. ಮಂದಿ ನಕ್ಕರು.

ತಾಳಿ ಕಟ್ಟಿದ್ದು ಮುಗಿದೇಹೋಯಿತು. ಅದರ ಫೋಟೋ ಒಂದೂ ಇಲ್ಲ.

ಗದ್ದಲ ಇಳಿದ ಮೇಲೆ ಮೊಮ್ಮಗಳು ಗೆಳತಿಯ ಹತ್ತಿರ ಹೋಗಿ ಕ್ಯಾಮೆರಾ ಮುಂದೆ ಹಿಡಿದಳು. "ನಿನ್ನ ತಾಳಿ ತಪ್ಪಿಸಿಬಿಟ್ಟೆ" ಅಂದಳು. ಮದುಮಗಳು ಆ ಪುಟ್ಟ ಪರದೆಯಲ್ಲಿ ಅವ್ವನ ಮುಖವನ್ನು ಬಹಳ ಹೊತ್ತು ನೋಡಿದಳು. ಬೆರಳಿಂದ ದೊಡ್ಡದು ಮಾಡಿದಳು.

"ಅಕ್ಷತಿ ಹಾಕೇ ಇಲ್ಲಲೇ ನಮ್ಮವ್ವ. ಮುಷ್ಟ್ಯಾಗ ಹಂಗ ಹಿಡಕೊಂಡಾಳ."

ಅಷ್ಟಂದವಳೇ ಗಂಡನ ಕೈ ಹಿಡಿದು, ಊಟದ ಎಲೆಗಳ ಸಾಲು ದಾಟಿ, ಅಡುಗೆಮನೆಗೇ ಬಂದಳು. ಅವ್ವನ ಮುಂದೆ ತಲೆ ಬಗ್ಗಿಸಿದಳು.

"ಹಾಕ ಬೇ."

"ಇಲ್ಲ್ಯಾಕ ಬಂದ್ಯವ್ವ, ಮಂದಿ ನೋಡ್ತಾರ…"

"ನೋಡ್ಲಿ. ಹಾಕ."

ಈಗ ಇಬ್ಬರೂ ಒಂದೇ ಕಡೆ, ಮುಖಕ್ಕೆ ಮುಖ. ನನ್ನ ಮೊಮ್ಮಗಳು ಕ್ಯಾಮೆರಾ ಎತ್ತಿದಳು. ಉದ್ದನೆಯ ಲೆನ್ಸಿಗೆ ಅವರು ತೀರಾ ಹತ್ತಿರವಾಗಿದ್ದರು. ಒಂದು ಹೆಜ್ಜೆ ಹಿಂದೆ ಸರಿದಳು, ಇನ್ನೊಂದು ಸರಿದಳು, ಬೆನ್ನಿಗೆ ಗೋಡೆ ಬಡಿಯಿತು. "ಹಿಡಿವಲ್ದು ಅಜ್ಜಿ, ಹಿಡಿವಲ್ದು" ಅಂತ ಅಳುವ ದನಿಯಲ್ಲಿ ಅಂದಳು. ಮೊಬೈಲಿನಲ್ಲಿ ತೆಗೆಯಬಹುದಿತ್ತಲ್ಲ ಅಂತ ಆಮೇಲೆ ಎಲ್ಲರೂ ಬುದ್ಧಿ ಹೇಳಿದರು. ಆ ಹೊತ್ತಿಗೆ ಯಾರಿಗೂ ಹೊಳೆಯಲಿಲ್ಲ. ನಾನಂತೂ ಕೊಟ್ಟೂರಿನಲ್ಲಿ ಆ ಲೆನ್ಸೇ ಆರಿಸಿ ಕೊಟ್ಟವಳು, ಗೋಡೆಯನ್ನು ಹಿಂದಕ್ಕೆ ದಬ್ಬಲು ನನ್ನಿಂದ ಆಗುವುದೇ? ಹಲ್ಲಿಲ್ಲದ ಬಾಯಿ ತೆರೆದುಕೊಂಡು, ಅಳುತ್ತ ನಗುತ್ತ ನಿಂತಿದ್ದೆ.

ಅವಳು ಒತ್ತಿದ್ದು ಒಂದೇ ಸಲ. ಬಂದದ್ದು ಮದುಮಗಳ ಬಗ್ಗಿದ ತಲೆ, ಬೈತಲೆಯ ಮೇಲೆ ಬೀಳುತ್ತಿರುವ ಅಕ್ಕಿ, ಮೇಲೊಂದು ತೆರೆದ ಅಂಗೈ. ಇಬ್ಬರ ಮುಖವೂ ಇಲ್ಲ.