ಡ್ರಾಯರಿನಲ್ಲಿ ಉಳಿದ ಹಸಿರು ಬಳೆ

ನನ್ನ ಬಾಯಿ ದೊಡ್ಡದು. ತಿಪಟೂರಿನ ನರ್ಸಿಂಗ್ ಹೋಮ್ ಒಂದರಲ್ಲಿ ನಾನು ಹೆಡ್ ಸಿಸ್ಟರ್ ಆಗಿದ್ದಷ್ಟು ವರ್ಷವೂ ಆಯಾಗಳಿಂದ ಡಾಕ್ಟರ ತನಕ ಎಲ್ಲರೂ ಅದಕ್ಕೆ ಹೆದರುತ್ತಿದ್ದರು. ಹೆದರದವಳು ಒಬ್ಬಳೇ, ಟ್ರೈನಿಂಗಿನಲ್ಲಿ ನನ್ನ ಜೊತೆ ಒಂದೇ ರೂಮಿನಲ್ಲಿದ್ದ ಗೆಳತಿ. "ಬೈದಿದ್ದು ಸಾಕು, ಕಾಫಿ ಕುಡಿ ಬಾರೇ" ಅಂತ ನನ್ನ ಮುಖ ನೋಡಿ ನಗುತ್ತಿದ್ದಳು.

ಮದುವೆಯಾಗಿ ನೊಣವಿನಕೆರೆಗೆ ಹೋದವಳು ಕೆಲಸ ಬಿಟ್ಟಳು. ಹನ್ನೊಂದು ವರ್ಷ ಮನೆ, ಮಕ್ಕಳು, ತೋಟ. ಒಂದು ದಿನ ಕೊಬ್ಬರಿ ಮಾರ್ಕೆಟ್ಟಿನಲ್ಲಿ ಮೂಟೆ ತೂಗಿಸುತ್ತಾ ನಿಂತಿದ್ದ ಅವಳ ಗಂಡನಿಗೆ ಲಕ್ವ ಹೊಡೆಯಿತು. ಬಲಗೈ ಬಲಗಾಲು ಎರಡೂ ಹೋದವು. ಮನೆ ನಡೆಯಬೇಕಲ್ಲ? ಒಂದು ಬೆಳಿಗ್ಗೆ ನನ್ನ ಮೇಜಿನ ಮುಂದೆ ಬಂದು ಕೂತು, "ನಂಗೆ ಮತ್ತೆ ಕೆಲಸ ಕಲಿಸ್ತೀಯೇನೇ?" ಅಂದಳು. ಈ ಸಲ ಅವಳು ನಗಲಿಲ್ಲ. ಒಂದು ತಿಂಗಳು ನೋಡೋಣ, ಸಿಸ್ಟರ್ ಸರಿ ಅಂದರೆ ಇಟ್ಟುಕೊಳ್ಳುತ್ತೇನೆ ಅಂದರು ಡಾಕ್ಟರು.

ಅವಳ ಅತ್ತೆ ಒಪ್ಪಿದ್ದು ಒಂದೇ ಷರತ್ತಿನ ಮೇಲೆ. ಕೆಲಸಕ್ಕೆ ಹೋಗು, ಆದರೆ ಬಳೆ ತೆಗೆಯಬೇಡ. ಗಂಡ ಹಾಸಿಗೆ ಹಿಡಿದಿರುವಾಗ ಮುತ್ತೈದೆ ಬರಿಗೈಯಲ್ಲಿ ಇರುವುದು ಆ ಮನೆಯಲ್ಲಿ ಬಾಯಲ್ಲಿ ಆಡುವ ಮಾತೂ ಅಲ್ಲ. ನಮ್ಮಲ್ಲೋ, ಗಾಜಿನ ಬಳೆ ವಾರ್ಡಿನೊಳಗೆ ಬರುವ ಹಾಗಿಲ್ಲ. ಒಮ್ಮೆ ಹೆರಿಗೆ ರೂಮಿನಲ್ಲಿ ಒಬ್ಬ ನರ್ಸಿನ ಬಳೆ ಒಡೆದು, ಚೂರು ಕೂಸಿನ ಬಟ್ಟೆಯಲ್ಲಿ ಸಿಕ್ಕಿತ್ತು. ಅವತ್ತಿಂದ ನಾನೇ ಮಾಡಿದ ರೂಲು.

"ಎರಡೇ ಎರಡು ಇಟ್ಕೊಳ್ಲೇನೇ?" ಅಂತ ಬೇಡಿಕೊಂಡಳು.

"ಊರಿಗೊಂದು ರೂಲು, ನಿಂಗೊಂದು ರೂಲಾ? ತೆಗಿ ಅಂದ್ರೆ ತೆಗಿ. ಸಂಜೆ ನಾನೇ ನೆನಪಿಟ್ಟು ಕೊಡ್ತೀನಿ ಬುಡು, ನಿಮ್ಮತ್ತೆಗೆ ಹೆಂಗೆ ಗೊತ್ತಾಗುತ್ತೆ?"

ಹಾಗೇ ನಡೆಯಿತು. ಬೆಳಿಗ್ಗೆ ಬಂದವಳೇ ಬಿಳಿ ಸೀರೆ ಉಡುವಳು, ಸೋಪು ಹಚ್ಚಿ ಹನ್ನೆರಡು ಹಸಿರು ಬಳೆ ಜಾರಿಸುವಳು. ನಾನು ಕರ್ಚೀಫಿನಲ್ಲಿ ಕಟ್ಟಿ ಡ್ರಾಯರಿಗೆ ಹಾಕುವೆ. ಸಂಜೆ ಕೈಗೆ ಕೊಡುವೆ. ಬಳೆ ತೊಟ್ಟು, ಬಣ್ಣದ ಸೀರೆ ಉಟ್ಟು ಬಸ್ಸಿಗೆ ಓಡುವಳು.

ಕೆಲಸ ಮರೆತೇ ಹೋಗಿತ್ತು ಅವಳಿಗೆ. ನಾವು ಕಲಿತಿದ್ದು ಗಾಜಿನ ಸಿರಿಂಜು, ಕುದಿಸಿ ಕುದಿಸಿ ಬಳಸುತ್ತಿದ್ದೆವು. ಮೊದಲ ದಿನವೇ ಬಿಸಾಡಬೇಕಾದ ಪ್ಲಾಸ್ಟಿಕ್ ಸಿರಿಂಜನ್ನು ಕುದಿಯುವ ನೀರಿಗೆ ಹಾಕಿ ನಿಂತಿದ್ದಳು. "ಅಯ್ಯೋ ನಿನ್ನ! ಇಡ್ಲಿ ಬೇಯಿಸ್ತಿದ್ದೀಯೇನೇ?" ಅಂತ ಎಲ್ಲರ ಮುಂದೆ ಕಿರುಚಿದೆ. ಎಲ್ಲರ ಜೊತೆ ಅವಳೂ ನಕ್ಕಳು. ಆಮೇಲೆ ಬೆಡ್‌ಶೀಟ್ ಇಡುವ ಕೋಣೆಯಲ್ಲಿ ಅಳುತ್ತಾ ಕೂತಿದ್ದಳು. ನನಗೆ ನನ್ನ ನಾಲಿಗೆಯ ಮೇಲೇ ಸಿಟ್ಟು ಬಂತು.

ಮಾರನೇ ದಿನ ಮನೆಯಿಂದ ಬಾಳೆದಿಂಡು ತಂದೆ. ಊಟದ ಹೊತ್ತಿನಲ್ಲಿ ಅದಕ್ಕೆ ಚುಚ್ಚಿ ಚುಚ್ಚಿ ಕೈ ಪಳಗಿಸಿಕೊಂಡಳು. ಕಾಯಿ ಸುಲಿದು ಒರಟಾದ ಬೆರಳಿಗೆ ನಾಡಿ ಸಿಗುವುದಿಲ್ಲ ಅಂತ ಹೆದರುತ್ತಿದ್ದವಳು, ಮೂರನೇ ವಾರದಲ್ಲಿ, ನನ್ನ ಕೈಗೇ ಸಿಗದ ಒಂದು ಎಳೆಗೂಸಿನ ನರ ಹುಡುಕಿ ಡ್ರಿಪ್ ಹಾಕಿದಳು. ಅವತ್ತೇ ಡಾಕ್ಟರಿಗೆ ಹೇಳಿದೆ, "ಇಟ್ಕೊಳ್ಳಿ ಸಾರ್, ನನಗಿಂತ ಚೆನ್ನಾಗಿದೆ ಕೈ." ಕೇಳಿ ಅವಳು ಹಳೇ ಹಾಗೆ ನಕ್ಕಳು.

ಎರಡು ದಿನ ಕಳೆದಿರಬೇಕು. ಮಧ್ಯಾಹ್ನ ಫೋನು ಬಂತು. ಅವಳ ಮನೆಯ ಪಕ್ಕದವರು. "ಅವಳ ಯಜಮಾನ್ರಿಗೆ ಸ್ವಲ್ಪ ಜಾಸ್ತಿಯಾಗಿದೆ ಕಣ್ರೀ, ಬೇಗ ಕಳಿಸ್ಕೊಡಿ." ಇಂಥ ಫೋನು ನಾನೇ ಎಷ್ಟು ಜನಕ್ಕೆ ಮಾಡಿಲ್ಲ! ಜೀವ ಹೋಗಿದೆ ಅಂತ ನನಗೆ ಗೊತ್ತಾಯಿತು. ಅವಳ ರಟ್ಟೆ ಹಿಡಿದು, "ನಡಿ ನಡಿ, ಏನೂ ಕೇಳಬೇಡ" ಅಂತ ಉಟ್ಟ ಸೀರೆಯಲ್ಲೇ ಆಟೋಗೆ ಹತ್ತಿಸಿದೆ.

ಸಂಜೆ ಬೀಗದ ಕೈಗೆ ಅಂತ ಡ್ರಾಯರು ಎಳೆದರೆ ಕರ್ಚೀಫಿನ ಗಂಟು. ಬಿಚ್ಚಿ ಎಣಿಸಿದೆ, ಹನ್ನೆರಡೂ ಅಲ್ಲೇ ಇದ್ದವು.

ಮಾರನೇ ದಿನ ಮಣ್ಣಿಗೆ ಹೋದಾಗ ಪಕ್ಕದ ಮನೆಯಾಕೆ ಹೇಳಿದರು. ಬಿಳಿ ಸೀರೆ, ಬರಿಗೈಯಲ್ಲಿ ಅವಳು ಆಟೋ ಇಳಿದಾಗ ಅಂಗಳದ ಹೆಂಗಸರೆಲ್ಲ ಅಳುವುದನ್ನೇ ನಿಲ್ಲಿಸಿದರಂತೆ. ಗಂಡ ಹೋದದ್ದು ಅವಳಿಗೆ ಇನ್ನೂ ಗೊತ್ತಿಲ್ಲ. ಅತ್ತೆ ಎದೆ ಬಡಿದುಕೊಂಡು, "ನನ್ ಮಗನ ಉಸಿರು ನಿಲ್ಲೋಕೆ ಮುಂಚೇನೇ ಎಲ್ಲಾ ಬಿಚ್ಚಿಟ್ಟು ಬಂದವ್ಳಲ್ಲ!" ಅಂದರಂತೆ. ಆಮೇಲೆ ಶಾಸ್ತ್ರಕ್ಕೆ ಒಡೆಯಲು ಅವಳ ಕೈಯಲ್ಲಿ ಬಳೆಯೇ ಇಲ್ಲ. ನಾನು ಹೋಗುವಷ್ಟರಲ್ಲಿ ಅಂಗಡಿಯಿಂದ ತರಿಸಿ, ತೊಡಿಸಿ, ಒಡೆದಿದ್ದರು. ನಾನು ಕೊಟ್ಟ ಮಾತು ಒಂದೇ ಒಂದು, ಅದೂ ಮರೆತೆ.

ತಿಂಗಳು ಕಳೆದ ಮೇಲೆ ಅವಳನ್ನು ಕರೆಯಲು ಹೋದೆ. ಅತ್ತೆ ನನ್ನನ್ನು ಕಂಡು ಒಳಗೆ ಹೋಗಿಬಿಟ್ಟರು. ನಾನು ಜಗಲಿಯ ಮೇಲೆ ಅವಳ ಪಕ್ಕ ಕೂತು ಅತ್ತುಬಿಟ್ಟೆ. "ತಪ್ಪಾಯ್ತು ಕಣೇ. ಬೈಯಿ, ಹೊಡಿ, ಆದ್ರೆ ಕೆಲಸಕ್ಕೆ ಬಾ. ಡಾಕ್ಟರು ನಿನ್ ಜಾಗ ಹಂಗೇ ಇಟ್ಟವ್ರೆ."

"ನಿನ್ ಮೇಲೆ ಸಿಟ್ಟಿಲ್ಲ ಕಣೇ," ಅಂದಳು. ತನ್ನ ಮುಂಗೈಗಳನ್ನೇ ನೋಡಿಕೊಳ್ಳುತ್ತಿದ್ದಳು. "ಬೆಳಿಗ್ಗೆ ಎದ್ದು ಈ ಕೈ ನೋಡ್ಕೊಂಡ್ರೆ ಡ್ಯೂಟೀಲಿ ಇದ್ದಂಗೇ ಅನ್ಸುತ್ತೆ. ಸಂಜೆ ನೀನು ಬಳೆ ಕೊಡ್ತೀಯ ಅಂತ ಕಾಯ್ತಾ ಇರ್ತೀನಿ."

ಅವಳು ಮತ್ತೆ ಕೆಲಸಕ್ಕೆ ಬರಲಿಲ್ಲ.